ಕಳಸ ಛಾಪಾದ ಚೀಟಿ

ಆ ದಿನವೂ ನಾನು ಎದ್ದದ್ದು ನಳದ ಕೆಮ್ಮಿಗೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ನೀರು ಬರುವ ಮುಂಚೆ ನಳ ಎರಡು ಸಲ ಕೆಮ್ಮುತ್ತದೆ, ಒಮ್ಮೆ ಉಸಿರೆಳೆಯುತ್ತದೆ, ಆಮೇಲೆ ಮನಸ್ಸಾದರೆ ನೀರು ಬಿಡುತ್ತದೆ. ಆ ದಿನ ಮನಸ್ಸಾಯಿತು. ಕೊಡಗಳನ್ನು ತುಂಬಿಕೊಂಡೆ. ಮುತ್ತಿನಸರ ಹಲ್ಲುಪುಡಿಯಿಂದ ಹಲ್ಲುಜ್ಜಿದೆ. ಮೂರುಗುಡ್ಡ ಚಹಾಪುಡಿ ಹಾಕಿ ಚಹಾ ಮಾಡಿ ನಮ್ಮವರಿಗೆ ಕೊಟ್ಟೆ. ಅವರು ಅದರಲ್ಲಿ ಮಿಠ್ಠು ಬಿಸ್ಕೀಟು ಅದ್ದಿ, ಎಂದಿನಂತೆ ಅರ್ಧ ಬಿಸ್ಕೀಟನ್ನು ಕಪ್ಪಿನ ತಳಕ್ಕೆ ಕಳಿಸಿ, ಎಂದಿನಂತೆ ಬಿಸ್ಕೀಟಿನ ಕಂಪನಿಯನ್ನು ಬೈದರು. ಲಿಲಿಯನ್ ಸಾಬೂನಿನಿಂದ ಸ್ನಾನ ಮಾಡಿದೆ. ಝಳಕ್ ಪುಡಿಯಲ್ಲಿ ಅಂಗಿಗಳನ್ನು ನೆನೆಹಾಕಿದೆ. ತಲೆಗೆ ಎರಡು ಹನಿ ಕುಂತಲಸಿರಿ ಎಣ್ಣೆ. ಉರಿದು ಬೂದಿಯಾಗಿ ಸುರುಳಿಯ ಆಕಾರದಲ್ಲೇ ಬಿದ್ದಿದ್ದ ನಿದ್ರಾಮಣಿ ಸೊಳ್ಳೆಬತ್ತಿಯನ್ನು ಗುಡಿಸಿ ತೆಗೆದೆ. ಅಷ್ಟರಲ್ಲಿ ಓಣಿಯ ಪವರ್‌ಲೂಮುಗಳು ಒಂದೊಂದಾಗಿ ಖಟಖಟ ಎನ್ನತೊಡಗಿದವು. ಇನ್ನು ಸಂಜೆಯವರೆಗೆ ನಮ್ಮ ಮಾತೆಲ್ಲ ಒಂದು ಸ್ವರ ಎತ್ತರದಲ್ಲಿ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಒಬ್ಬ ಗೃಹಿಣಿ ಬೆಳಿಗ್ಗೆ ಎರಡು ತಾಸಿನಲ್ಲಿ ಏಳು ಕಂಪನಿಗಳ ಮನೆ ಸುತ್ತಿ ಬಂದಿದ್ದಾಳೆ ಎಂದು ನೀವು ತಿಳಿದಿರಬೇಕು. ನಾನೂ ಹಾಗೆಯೇ ತಿಳಿದಿದ್ದೆ. ಅಡಿಗೆಮನೆಯ ಫಳಿಯ ಮೇಲಿನ ಹಾಳೆ ಬದಲಿಸಲು ಹೋದಾಗ ಗೊತ್ತಾಯಿತು, ನಾನು ಒಂದೇ ಮನೆಯ ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಬಚ್ಚಲಿಗೆ ಓಡಾಡಿ ಬಂದಿದ್ದೆ.

ಅಮಾವಾಸ್ಯೆಯ ಹಿಂದಿನ ದಿನ ಫಳಿಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಕೆಳಗೆ ಹೊಸ ಹಾಳೆ ಹಾಸುವುದು ನಮ್ಮತ್ತೆ ಹಾಕಿಕೊಟ್ಟ ರೂಢಿ. ಅವರ ಕಾಲದಲ್ಲಿ ವರ್ತಮಾನ ಪತ್ರಿಕೆ ಹಾಸುತ್ತಿದ್ದರು. ನನ್ನ ಕಾಲದಲ್ಲಿ ಹಾಳೆಯ ಅಂತಸ್ತು ಏರಿದೆ. ನಮ್ಮವರು ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಎರಡು ವರ್ಷದ ಹಿಂದೆ ಅವರ ಸ್ಟಾಫ್ ರೂಮಿಗೆ ಶೇರಿನ ಜ್ವರ ಬಂದು, ಎಲ್ಲರ ಜೊತೆ ಇವರಿಗೂ ತಗುಲಿ, ಯಾವುದೋ ದೊಡ್ಡ ಕಂಪನಿಯ ಹತ್ತು ಶೇರು ಕೊಂಡರು. ಜ್ವರ ಬಿಟ್ಟಿತು, ಆದರೆ ವರ್ಷಕ್ಕೊಮ್ಮೆ ಆ ಕಂಪನಿಯ ವರದಿ ಮಾತ್ರ ತಪ್ಪದೆ ಟಪಾಲಿನಲ್ಲಿ ಬರುತ್ತದೆ. ದಪ್ಪ ಪುಸ್ತಕ, ಇಂಗ್ಲಿಷಿನಲ್ಲಿ. ಕಾಗದ ಎಷ್ಟು ನುಣುಪೆಂದರೆ ಎಣ್ಣೆ ಅಂಟುವುದಿಲ್ಲ, ಅರಿಷಿಣ ಹತ್ತುವುದಿಲ್ಲ, ಜಿರಳೆ ಜಾರಿ ಬೀಳುತ್ತದೆ. ಫಳಿಗೆ ಹಾಸಲು ಇಷ್ಟು ಛಲೋ ಕಾಗದ ಬನಹಟ್ಟಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಮೊದಲ ಪುಟದಲ್ಲಿ ಟೈ ಕಟ್ಟಿದ ಒಬ್ಬ ಹಿರಿಯರಿದ್ದಾರೆ. ಬಿಸ್ಕೀಟನ್ನು ಚಹಾದಲ್ಲಿ ಕಳೆದುಕೊಳ್ಳದೆ ತಿನ್ನಲು ಬಲ್ಲವರ ನಗು ಅವರದು. ಅವರನ್ನು ಉಪ್ಪಿನಕಾಯಿ ಜಾಡಿಯ ಕೆಳಗೆ ಹಾಸಿ ಮುಂದಿನ ಹಾಳೆ ಹರಿದೆ. ನಡುವಿನ ದೊಡ್ಡ ಪುಟ. ಅದರ ಮೇಲೆ, ಮದುವೆಮನೆಯಲ್ಲಿ ಬೀಗರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋದ ಹಾಗೆ, ನನ್ನ ಬೆಳಗಿನ ಸಂಸಾರವೆಲ್ಲ ನಿಂತಿತ್ತು. ಮುತ್ತಿನಸರ, ಮೂರುಗುಡ್ಡ, ಮಿಠ್ಠು, ಝಳಕ್, ಕುಂತಲಸಿರಿ, ತುದಿಯಲ್ಲಿ ಸೊಳ್ಳೆಬತ್ತಿ. ನಡುಮಧ್ಯದಲ್ಲಿ ಲಿಲಿಯನ್ ಸಾಬೂನು. ಅದಕ್ಕೆ ಹೆಗಲು ತಾಗಿಸಿಕೊಂಡು, ನಂಬುತ್ತೀರೋ ಇಲ್ಲವೋ, ಬಹಾದ್ದೂರ್ ಸಾಬೂನು.

ನಾನು ಡಬ್ಬಿಗಳ ನಡುವೆ ನೆಲಕ್ಕೇ ಕುಳಿತುಬಿಟ್ಟೆ.

ಬಹಾದ್ದೂರ್ ಗೊತ್ತಲ್ಲ? ಕೆಂಪು ಸಾಬೂನು, ಮೇಲೆ ಪೈಲ್ವಾನನ ಚಿತ್ರ. ಬೆಳಗಾವಿಯಲ್ಲಿ ನಮ್ಮಪ್ಪ ಟಪಾಲು ಖಾತೆಯಲ್ಲಿದ್ದಾಗ ನಮ್ಮ ಮನೆಗೆ ತಿಂಗಳಿಗೆ ಎರಡು ಬಹಾದ್ದೂರ್ ಬರುತ್ತಿದ್ದವು. ಮೈಗೂ ಅದೇ, ಕೈಗೂ ಅದೇ, ನಮ್ಮ ನಾಯಿಗೂ ಅದೇ. ಹಚ್ಚಿಕೊಂಡರೆ ಇಡೀ ದಿನ ದವಾಖಾನೆಯ ವಾಸನೆ. ನಾನು ಹೋಗುತ್ತಿದ್ದ ಕಾನ್ವೆಂಟಿನಲ್ಲಿ ಹುಡುಗಿಯರಲ್ಲಿ ಎರಡೇ ಜಾತಿ, ಲಿಲಿಯನ್ ಹುಡುಗಿಯರು ಮತ್ತು ಬಹಾದ್ದೂರ್ ಹುಡುಗಿಯರು. ಪ್ರಾರ್ಥನೆಗೆ ಕಣ್ಣು ಮುಚ್ಚಿ ನಿಂತಾಗಲೂ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ಮೂಗಿಗೆ ಗೊತ್ತಾಗುತ್ತಿತ್ತು. ಲಿಲಿಯನ್ನಿನ ಹೊದಿಕೆಯ ಮೇಲೆ ಕಣ್ಣು ಅರ್ಧ ಮುಚ್ಚಿದ ಒಬ್ಬ ಬಿಳಿಯ ಹೆಂಗಸು ಇರುತ್ತಿದ್ದಳು. ನಾನು ಅದರ ಖಾಲಿ ಹೊದಿಕೆಯೊಂದನ್ನು ಗೆಳತಿಯಿಂದ ಬೇಡಿ ತಂದು, ಯುನಿಫಾರ್ಮಿನ ಮಡಿಕೆಯೊಳಗಿಟ್ಟು ಮಲಗಿ, ಮರುದಿನ ಲಿಲಿಯನ್ ಜಾತಿಗೆ ಸೇರಲು ಹೋದೆ. ಹೊದಿಕೆಯನ್ನು ತೆಗೆಯುವುದನ್ನು ಮರೆತಿದ್ದೆ. ಪ್ರಾರ್ಥನೆಯ ಸಾಲಿನಲ್ಲಿ ಆ ಬಿಳಿಯ ಹೆಂಗಸು ನನ್ನ ಫ್ರಾಕಿನ ಒಳಗಿನಿಂದ ಜಾರಿ ಸಿಸ್ಟರ್ ಬೆನೆಡಿಕ್ಟಾ ಅವರ ಬೂಟಿನ ಮುಂದೆ ಬಿದ್ದಳು. ಸಿಸ್ಟರ್ ಅದನ್ನು ಎತ್ತಿ, ಎರಡೂ ಕಡೆ ಓದಿ, ಮಡಚಿ ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. ಹೊದಿಕೆ ಹಾಕಿಕೊಂಡ ಮಾತ್ರಕ್ಕೆ ಸಾಬೂನಾಗುವುದಿಲ್ಲ ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದರು. ಇಡೀ ಸಾಲು ನಕ್ಕಿತು. ನನಗೆ ಇಂಗ್ಲಿಷ್ ಅರ್ಥವಾಗಿದ್ದಕ್ಕೆ ಅಂದು ಮೊದಲ ಸಲ ದುಃಖವಾಯಿತು.

ಮದುವೆಯಾಗಿ ಬನಹಟ್ಟಿಗೆ ಬಂದ ಮೇಲೆ ನನ್ನ ಮೊದಲ ಹಟವೇ ಲಿಲಿಯನ್. ಇಪ್ಪತ್ತು ವರ್ಷದಿಂದ ಆ ಹೆಂಗಸನ್ನು ಬಚ್ಚಲಿನಲ್ಲಿಟ್ಟು ಸಾಕಿದ್ದೇನೆ. ಈಗ ನೋಡಿದರೆ ಆಕೆ ಪೈಲ್ವಾನನ ತಂಗಿ. ಒಂದೇ ತಾಯಿಯ ಮಕ್ಕಳು. ಭಾನುವಾರ ಟಿವಿಯ ಜಾಹೀರಾತಿನಲ್ಲಿ ಇವನು ಅವಳನ್ನು ನಾಜೂಕಿನವಳೆಂದು ಅಣಕಿಸುತ್ತಾನೆ, ಅವಳು ಇವನ ಕಡೆ ನೋಡದೆ ಕೂದಲು ತೂರುತ್ತಾಳೆ. ಓಣಿಯೆದುರು ಜಗಳವಾಡಿ ಒಳಗೆ ಹೋಗಿ ಒಂದೇ ಗಂಗಾಳದಲ್ಲಿ ಉಣ್ಣುವ ನೆಗೆಣ್ಣಿಯರ ಹಾಗೆ.

ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹೋಲ್ಡಿಂಗ್ ಕಂಪನಿ ಎಂದು ಬರೆದಿತ್ತು. ಅಕ್ಷರ ಕಂಡಲ್ಲಿ ಕಣ್ಣು ಹಾಯಿಸದೆ ಮುಂದೆ ಹೋಗಬಾರದೆಂದು ಸಿಸ್ಟರ್ ಹೇಳಿಕೊಟ್ಟ ಚಟ ನನ್ನದು. ಔಷಧದ ಚೀಟಿ, ಬಸ್ಸಿನ ತಿಕೀಟು, ಶೇಂಗಾ ಕಟ್ಟಿದ ಕಾಗದ, ಯಾವುದನ್ನೂ ಬಿಡುವುದಿಲ್ಲ. ಕಾಲೇಜಿಗೆ ಹೊರಟಿದ್ದ ನಮ್ಮವರನ್ನು ತಡೆದು ಹಾಗೆಂದರೇನು ಎಂದು ಕೇಳಿದೆ. ಗಣಿತದವರು ನೋಡಿ, ನೆಲದ ಮೇಲೆ ಬೆರಳಿನಿಂದ ಒಂದು ದೊಡ್ಡ ವೃತ್ತ, ಅದರೊಳಗೆ ಏಳೆಂಟು ಸಣ್ಣ ವೃತ್ತ ಬರೆದು ತೋರಿಸಿದರು. ಅದು ತಾನಾಗಿ ಏನೂ ಮಾಡುವುದಿಲ್ಲ, ಮಾಡುವವರೆಲ್ಲ ಅದರವರು ಎಂದರು. ನನಗೆ ತಟ್ಟನೆ ತಿಳಿಯಿತು. ಸಾಬೂನು ಕುದಿಸುವುದಿಲ್ಲ, ಚಹಾ ಒಣಗಿಸುವುದಿಲ್ಲ. ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತದೆ.

"ಅಂದ್ರ ನಮ್ಮ ಅತ್ತಿಯಾರು ಅನ್ರಿ" ಎಂದೆ. ಅವರು ತಮ್ಮ ತಾಯಿಯ ಫೋಟೋದ ಕಡೆ ಒಮ್ಮೆ ನೋಡಿ, ಸೈಕಲ್ಲಿನ ಬೀಗ ತೆಗೆದರು.

ಅವರ ಸೈಕಲ್ಲು ಓಣಿ ದಾಟಿತೋ ಇಲ್ಲವೋ, ಪಕ್ಕದ ಮನೆಯ ನೀಲವ್ವ ಒಳಗೆ ಬಂದಳು. ಸೆರಗಿನ ಕೆಳಗೆ ಏನೋ ಮುಚ್ಚಿಕೊಂಡಿದ್ದಳು. ನೀಲವ್ವನಿಗೆ ಮುಚ್ಚಿಡುವ ವಿದ್ಯೆ ಬಾರದು. ಏನಿದೆ ಎಂದು ಕೇಳುವ ಮುಂಚೆಯೇ ಅದರ ಮೇಲೆ ಎರಡೂ ಕೈ ಇಟ್ಟು ನಿಲ್ಲುತ್ತಾಳೆ.

"ಅಕ್ಕಾರ, ಇವತ್ತ ನಾಕರ ಬಸ್ಸಿಗೆ ಬರಾಕತ್ತಾರ ಮುಧೋಳದವರು" ಎಂದಳು. "ನಮ್ಮ ಸಾವಿತ್ರೀದು ಇವತ್ತ ಆದ್ರ ಆತು, ಇಲ್ಲಂದ್ರ ಇಲ್ಲ."

ಆ ಸಾವಿತ್ರಿಯ ಮಾತು ನಿಮಗೆ ಹೇಳಲೇಬೇಕು. ನೀಲವ್ವ ಮತ್ತು ಬಸಪ್ಪನ ಒಬ್ಬಳೇ ಮಗಳು. ಹುಡುಗ ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ತಿಂಗಳ ಹಿಂದೆ ತಾಯಿಯೊಂದಿಗೆ ಬಂದು ನೋಡಿ ಹೋಗಿದ್ದ. ಅವನು ಹೋದ ದಿನದಿಂದ ಸಾವಿತ್ರಿ ಅಂಗಳ ಗುಡಿಸುವಾಗ ಮುಧೋಳದ ಬೋರ್ಡಿನ ಬಸ್ಸು ಬಂದರೆ ಕಸಬರಿಗೆ ನಿಲ್ಲಿಸಿ, ಅದು ತಿರುವು ದಾಟುವವರೆಗೆ ನೋಡುತ್ತಿದ್ದಳು. ಅಂಗಳದಲ್ಲಿ ಅಷ್ಟು ಹೊತ್ತು ಗುಡಿಸುವಷ್ಟು ಕಸವಿರಲಿಲ್ಲ. ಆದರೆ ಆ ಕಡೆಯಿಂದ ಒಂದು ವಾರ ಸುದ್ದಿಯಿಲ್ಲ, ಎರಡು ವಾರ ಸುದ್ದಿಯಿಲ್ಲ. ಮೂರನೆಯ ವಾರದಲ್ಲಿ ಬಸ್ಸು ಬಂದರೂ ಹುಡುಗಿ ಬೆನ್ನು ತಿರುಗಿಸಿಯೇ ಗುಡಿಸತೊಡಗಿದಳು. ನಾನು ಕಿಟಕಿಯಿಂದ ನೋಡಿದವಳು. ನನಗೆ ಅದು ಬೆನ್ನಲ್ಲ, ಅಳು ಅನಿಸಿತು.

ಕಾರಣ ಒಂದು ಸೀರೆ. ನೋಡಲು ಬಂದ ದಿನ ನೀಲವ್ವ ಹುಡುಗನ ತಾಯಿಗೆ ಉಡಿ ತುಂಬಿ ಸೀರೆ ಕೊಟ್ಟಿದ್ದಳು. ಆಕೆ ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಸೀರೆಯ ಮೂಲೆ ತಿರುವಿ ಅಂಟಿಸಿದ್ದ ಚೀಟಿ ನೋಡಿದಳು. ನವಿಲ ಛಾಪಾ. ಛಾಪಾ ಎಂದರೆ ಮಾಲಿನ ಗುರುತು, ಇಷ್ಟೇ. ಆದರೆ ಆ ನವಿಲನ್ನು ಕಂಡು ಆಕೆ, ತಮ್ಮ ಕಡೆ ಇದನ್ನು ಹೊಲಕ್ಕೆ ಹೋಗುವಾಗ ಉಡುತ್ತಾರೆ ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿ, ಮಡಚಿ ಚೀಲದ ತಳಕ್ಕೆ ಹಾಕಿಕೊಂಡಳು. ಆ ಸೀರೆಯನ್ನು ನೇಯ್ದವನು ಅದೇ ಕೋಣೆಯ ಬಾಗಿಲಿನಲ್ಲಿ ನಿಂತಿದ್ದ ಬಸಪ್ಪ. ಅವನು ಅಂದು ಊಟಕ್ಕೆ ಕೂಡಲಿಲ್ಲ.

ನೀಲವ್ವ ಸೆರಗು ಸರಿಸಿದಳು. ಒಳಗೆ ಇನ್ನೊಂದು ಸೀರೆ. ಕಪ್ಪು ಒಡಲು, ಕೆಂಪು ದಡಿ. ಮಾವನವರೊಂದಿಗೇ ನಿಂತುಹೋದ ನಮ್ಮ ಮನೆಯ ಮಗ್ಗದ ಮೇಲೆ ಬಸಪ್ಪ ನೇಯ್ದ ಕೊನೆಯ ಸೀರೆಗಳಲ್ಲೊಂದು. ಮಗಳ ಮದುವೆಗೆಂದು ಪೆಟ್ಟಿಗೆಯಲ್ಲಿಟ್ಟದ್ದು. ಅದಕ್ಕೆ ಚೀಟಿಯೇ ಇರಲಿಲ್ಲ.

"ನಿಮ್ಮ ಮಾವಾರ ಟ್ರಂಕಿನ್ಯಾಗ ಕಳಸದ ಚೀಟಿ ಇನ್ನೂ ಅದಾವ ಅಂತ ನನಗ ಗೊತ್ತೈತ್ರಿ" ಎಂದಳು. "ಒಂದ ಹಚ್ಚಿಕೊಡ್ರಿ. ನಮ್ಮನಿಯಾವ್ರಿಗೆ ಹೇಳಬ್ಯಾಡ್ರಿ ಮತ್ತ."

ಇಲ್ಲಿಗೆ ಬಂತು ನೋಡಿ ನನ್ನ ಧರ್ಮಸಂಕಟ. ಅದನ್ನು ಬಿಡಿಸಲು ನಾನು ನಿಮ್ಮನ್ನು ನಮ್ಮ ಮಾವನವರ ಹತ್ತಿರ ಕರೆದುಕೊಂಡು ಹೋಗಬೇಕು.

ನಮ್ಮ ಮಾವನವರಿಗೆ ಹಿತ್ತಲಿನಲ್ಲಿ ಎಂಟು ಮಗ್ಗಗಳಿದ್ದವು. ಎಂಟರ ಮೇಲೂ ಒಂದೇ ನೂಲು, ಒಂದೇ ಬಣ್ಣ, ಒಂದೇ ಅಳತೆ. ಆದರೆ ಸೀರೆಗಳು ಹೊರಬೀಳುವಾಗ ಮೂರು ಕುಲವಾಗಿ ಬೀಳುತ್ತಿದ್ದವು. ಪುಣೆಯ ಪೇಟೆಗೆ ಹೋಗುವವಕ್ಕೆ ಕಳಸ ಛಾಪಾ, ಬಂಗಾರದ ಅಂಚಿನ ಚೀಟಿ. ಜಮಖಂಡಿ ಮುಧೋಳದ ಅಂಗಡಿಗಳಿಗೆ ನವಿಲ ಛಾಪಾ, ಎರಡು ಬಣ್ಣ. ಬೀಳಗಿ, ಗಲಗಲಿ ಕಡೆಯ ಸಂತೆಗಳಿಗೆ ಗಿಣಿ ಛಾಪಾ. ಅದು ಹಸಿರು ಶಾಯಿಯಲ್ಲಿ ಎಷ್ಟು ಒರಟಾಗಿ ಅಚ್ಚಾಗಿತ್ತೆಂದರೆ ಗಿಣಿಯೋ ಹೀರೆಕಾಯಿಯೋ ಹೇಳಲಾಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕಲಿತ ಸೊಸೆ ಎಂದು ನನಗೆ ವಹಿಸಿದ ಕೆಲಸ ಚೀಟಿ ಹಚ್ಚುವುದು. ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಓದಿದ್ದು ಕೊನೆಗೆ ಚೀಟಿ ಅಂಟಿಸುವ ಮೈದಾಹಿಟ್ಟಿನ ಖಳಿ ಕಾಯಿಸುವುದಕ್ಕೆ ಉಪಯೋಗವಾಯಿತು.

ಮೊದಲ ತಿಂಗಳು ಧೈರ್ಯ ಮಾಡಿ ಮಾವನವರನ್ನು ಕೇಳಿದ್ದೆ, ಈ ಮೂರರಲ್ಲಿ ಫರಕು ಏನೆಂದು. ಅವರು ಲೆಕ್ಕಣಿಕೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ಖರೇನೇ ವಿಚಾರ ಮಾಡಿದರು.

"ಕಳಸ ಉಟ್ಟಾಕಿ ನೆಟ್ಟಗ ನಡೀತಾಳವ್ವ. ನವಿಲ ಉಟ್ಟಾಕಿ ತಿರುಗಿ ನೋಡಕೋತ ನಡೀತಾಳ. ಗಿಣಿ ಉಟ್ಟಾಕಿ ಕೆಲಸ ಮಾಡತಾಳ. ಅಷ್ಟ ಫರಕ."

ನಾನು ಇದನ್ನು ಹಾಸ್ಯವೆಂದು ತಿಳಿದೆ. ಎರಡನೆಯ ತಿಂಗಳಲ್ಲೇ ಅದು ಶಾಸ್ತ್ರವೆಂದು ಗೊತ್ತಾಯಿತು. ತವರಿನಿಂದ ಕಾಗದ ಬಂದ ದಿನ ಅದನ್ನು ಓದುತ್ತ ಓದುತ್ತ ನಾನು ಒಂದು ಇಡೀ ಗಂಟು ಸೀರೆಗೆ ಕಳಸದ ಬದಲು ಗಿಣಿಯ ಚೀಟಿ ಹಚ್ಚಿಬಿಟ್ಟೆ. ಗಂಟು ಪುಣೆಗೆ ಹೋಯಿತು. ಹದಿನೈದು ದಿನಕ್ಕೆ ಹಾಗೆಯೇ ಮರಳಿ ಬಂತು, ಮೇಲೆ ವ್ಯಾಪಾರಿಯ ಪತ್ರ. ಈ ಸಲ ಬಟ್ಟೆ ಒರಟಾಗಿದೆ, ಬಣ್ಣ ಮಂಕಾಗಿದೆ, ದಡಿ ಸೊಟ್ಟಾಗಿದೆ, ಇಷ್ಟು ವರ್ಷದ ಸಂಬಂಧಕ್ಕೆ ಇದು ಶೋಭೆಯಲ್ಲ ಎಂದು ಬರೆದಿದ್ದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾವನವರು ಪತ್ರವನ್ನು ಎರಡು ಸಲ ಓದಿ, ಗಂಟು ಬಿಚ್ಚಿಸಿ, ಒಂದು ಚರಿಗೆ ಬಿಸಿನೀರು ತರಿಸಿದರು. ಗಿಣಿಗಳನ್ನೆಲ್ಲ ನೆನೆಸಿ ತೆಗೆದು, ತಾವೇ ಕುಳಿತು ಕಳಸ ಹಚ್ಚಿ, ಅದೇ ಸೀರೆಗಳನ್ನು ಅದೇ ವ್ಯಾಪಾರಿಗೆ ಕಳಿಸಿದರು. ಮತ್ತೆ ಹದಿನೈದು ದಿನಕ್ಕೆ ಪತ್ರ. ಈ ಮಾಲು ನೋಡಿ ಕಣ್ಣು ತಂಪಾಯಿತು, ಹಿಂದಿನ ಗಂಟನ್ನು ಯಾರ ಕೈಯಲ್ಲಿ ನೇಯಿಸಿದ್ದಿರೋ ಅವರನ್ನು ಬಿಡಿಸಿಬಿಡಿ.

ಎರಡು ಸಲ ಹೋದ ಆ ಒಂದೇ ಗಂಟನ್ನು ನೇಯ್ದ ಬಸಪ್ಪನನ್ನು ಮಾವನವರು ಕರೆಸಿ ಪತ್ರ ಓದಿ ಹೇಳಿದರು. ಅವನು ನಗಲಿಲ್ಲ. ತನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು ಮಗ್ಗಕ್ಕೆ ಹೋದ. ನನ್ನನ್ನು ಯಾರೂ ಬೈಯಲಿಲ್ಲ. ಸಿಸ್ಟರ್ ಬೆನೆಡಿಕ್ಟಾ ನೆನಪಾದರು. ಪಾಪ, ಅವರಿಗೆ ಪುಣೆಯ ವ್ಯಾಪಾರಿಗಳ ಪರಿಚಯವಿರಲಿಲ್ಲ.

ನಮ್ಮತ್ತೆ ಈ ವಿದ್ಯೆಯಲ್ಲಿ ಮಾವನವರಿಗಿಂತ ಒಂದು ಕೈ ಮುಂದೆ. ಅವರ ಹತ್ತಿರ ರಾಜವಾಡ ಎಂಬ ದುಬಾರಿ ಚಹಾದ ಒಂದು ತಗಡಿನ ಡಬ್ಬಿ ಇತ್ತು, ಮೇಲೆ ಅರಮನೆಯ ಚಿತ್ರ. ಅದರೊಳಗಿನ ಮೂಲ ಚಹಾ ನಮ್ಮ ಮದುವೆಯ ವಾರದಲ್ಲೇ ಮುಗಿದಿತ್ತು. ಆಮೇಲೆ ಅದರಲ್ಲಿ ಮೂರುಗುಡ್ಡವೇ. ಆದರೆ ಬೀಗರು ಬಂದರೆ ಡಬ್ಬಿಯನ್ನು ಪಡಸಾಲೆಗೆ ಕಾಣುವಂತೆ ಇಟ್ಟು, ಮುಚ್ಚಳ ತೆಗೆಯುವಾಗ ಠಣ್ ಎಂದು ಸಪ್ಪಳ ಮಾಡುತ್ತಿದ್ದರು. ಜಮಖಂಡಿಯ ಒಬ್ಬ ಬೀಗರು ಕಪ್ಪನ್ನು ಬಸಿಯ ಮೇಲಿಟ್ಟು, ಇಂಥ ಚಹಾ ತಮ್ಮ ಸಂಸ್ಥಾನದ ಕಾಲದಲ್ಲಿ ಕುಡಿದದ್ದು ಎಂದು ಕಣ್ಣು ಮುಚ್ಚಿದ್ದನ್ನು ನಾನೇ ನೋಡಿದ್ದೇನೆ. ನೀವು ಊಹಿಸಿರುತ್ತೀರಿ, ಆ ಬೆಳಿಗ್ಗೆ ವರದಿಯ ಪುಟದಲ್ಲಿ ಮೂರುಗುಡ್ಡದ ಹಿಂದೆ ಇಣುಕುತ್ತಿದ್ದದ್ದು ರಾಜವಾಡವೇ. ನಮ್ಮತ್ತೆ ಕಂಪನಿಗಿಂತ ಮೊದಲೇ ಎರಡನ್ನೂ ಒಂದು ಡಬ್ಬಿಗೆ ಹಾಕಿದ್ದರು. ಅವರ ಫೋಟೋ ಯಾವ ವರದಿಯಲ್ಲೂ ಬರಲಿಲ್ಲ, ಅಷ್ಟೇ.

ಈಗ ಮತ್ತೆ ನೀಲವ್ವ. ಅವಳು ನಿಂತೇ ಇದ್ದಾಳೆ.

ಮಾರಲ್ ಸಾಯನ್ಸಿನಲ್ಲಿ ನನಗೆ ಯಾವಾಗಲೂ ಮೊದಲ ನಂಬರು. ಸುಳ್ಳು ಹೇಳುವುದು ಪಾಪ, ಸುಳ್ಳನ್ನು ಅಂಟಿಸುವುದು ಇನ್ನೂ ಪಾಪ. ಹಾಗಿದ್ದರೆ ಇದು ಸುಳ್ಳೇ? ಸೀರೆ ನಮ್ಮದೇ ಮಗ್ಗದ್ದು. ಮಾವನವರು ಇದ್ದಿದ್ದರೆ ಪುಣೆಯ ಗಂಟಿಗೆ ಬಿದ್ದು ಕಳಸವೇ ಆಗುತ್ತಿತ್ತು. ಹಚ್ಚುತ್ತಿದ್ದವಳೂ ನಾನೇ. ತಡವಾಗಿ ಹಚ್ಚಿದರೆ ತಪ್ಪು, ಆಗಲೇ ಹಚ್ಚಿದ್ದರೆ ವ್ಯಾಪಾರ ಎಂದು ಯಾವ ಪಾಠದಲ್ಲಿತ್ತು? ಹೀಗೆಲ್ಲ ವಾದ ಹೂಡುತ್ತ ಫಳಿಯ ಕಡೆ ನೋಡಿದೆ. ಉಪ್ಪಿನಕಾಯಿ ಜಾಡಿಯ ಪಕ್ಕದಿಂದ ಟೈ ಕಟ್ಟಿದ ಹಿರಿಯರು ನನ್ನ ಕಡೆಗೇ ನಗುತ್ತಿದ್ದರು. ಪೈಲ್ವಾನನನ್ನೂ ಬಿಳಿಯ ಹೆಂಗಸನ್ನೂ ಒಂದೇ ಮಡಿಲಲ್ಲಿಟ್ಟುಕೊಂಡು ಅಷ್ಟು ನಿಶ್ಚಿಂತೆಯಿಂದ ನಗುವವರಿರುವಾಗ ನನ್ನದೊಂದು ಚೀಟಿ ಯಾವ ಲೆಕ್ಕ. ಅದೂ ಅಲ್ಲದೆ, ಕಿಟಕಿಯ ಆಚೆ ಸಾವಿತ್ರಿ ಅಂಗಳಕ್ಕೆ ಎರಡನೆಯ ಸಲ ನೀರು ಹೊಡೆಯುತ್ತಿದ್ದಳು.

ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆಯ ಕೆಳಗೆ ಮೂರು ಕಟ್ಟುಗಳು, ನೂಲಿನಿಂದ ಬಿಗಿದದ್ದು ಬಿಗಿದ ಹಾಗೆಯೇ ಇದ್ದವು. ಗಿಣಿಗಳು ಮಾಸಿದ್ದವು. ಕಳಸದ ಬಂಗಾರದ ಅಂಚು ಮಾತ್ರ ನಿನ್ನೆ ಅಚ್ಚು ಹಾಕಿದಂತೆ ಹೊಳೆಯುತ್ತಿತ್ತು. ಮೈದಾ ಕಲಸಿ ಖಳಿ ಕಾಯಿಸಿದೆ. ಬೆರಳಿಗೆ ಎಲ್ಲ ನೆನಪಿತ್ತು, ಮೂಲೆಯಿಂದ ನಾಲ್ಕು ಬೆರಳು ಒಳಗೆ, ಸ್ವಲ್ಪ ಓರೆಯಾಗಿ. ಹಚ್ಚಿದ ಮೇಲೆ ನೀಲವ್ವ ಸೀರೆಯನ್ನು ದೂರ ಹಿಡಿದು ನೋಡಿದಳು.

"ನೋಡ್ರಿ, ಈಗ ಹೆಂಗ ಕಾಣಸ್ತೈತಿ" ಎಂದಳು. ಖರೆ ಹೇಳುತ್ತೇನೆ, ನನಗೂ ಬೇರೆ ಕಾಣಿಸಿತು. ದಡಿ ಸ್ವಲ್ಪ ಹೆಚ್ಚು ಕೆಂಪಾದ ಹಾಗೆ.

ಆ ದಿನ ಮೋಡ ಮುಸುಕಿತ್ತು. ಅಂಗಿಗಳು ಒಣಗಿಲ್ಲವೆಂದು ಮಧ್ಯಾಹ್ನ ಗೊಣಗಿಕೊಂಡಿದ್ದೆ. ಅದೇ ಗಾಳಿಯಲ್ಲಿ ಖಳಿಯೂ ಒಣಗುವುದಿಲ್ಲವೆಂಬುದು ಹೊಳೆಯಲಿಲ್ಲ. ಇಂಗ್ಲಿಷ್ ಕಲಿತವರಿಗೆ ಇಂಥವು ಹೊಳೆಯುವುದು ತಡ.

ನಾಲ್ಕರ ಬಸ್ಸಿಗೆ ಅವರು ಬಂದರು. ಹುಡುಗನ ತಾಯಿ, ಆಕೆಯ ತಮ್ಮ, ಮತ್ತು ಹುಡುಗ. ಹುಡುಗ ಕುರ್ಚಿಯ ತುದಿಯಲ್ಲಿ ಕುಳಿತು, ಸಡಿಲವಾಗಿದ್ದ ಅದರ ಕಾಲನ್ನು ಗುಟ್ಟಾಗಿ ಅಲುಗಾಡಿಸಿ ನೋಡುತ್ತಿದ್ದ. ಫಿಟ್ಟರ್ ಖರೇ. ಚಹಾ ಕೊಡುವ ಕೆಲಸ ನನಗೆ ಬಂತು. ನಾನು ನಮ್ಮ ಮನೆಯಿಂದ ರಾಜವಾಡದ ಡಬ್ಬಿ ತಂದು, ಪಡಸಾಲೆಗೆ ಕಾಣುವ ಹಾಗೆ ಇಟ್ಟು, ಠಣ್ ಎಂದು ಮುಚ್ಚಳ ತೆಗೆದೆ. ಬೀಗತಿಯ ಕಿವಿ ಆ ಕಡೆ ತಿರುಗಿತು. ಇನ್ನೂ ಬೀಗತಿಯಾಗಿರಲಿಲ್ಲ, ಆದರೆ ಸ್ವರವೆಲ್ಲ ಬೀಗತಿಯದೇ. ಒಂದು ಗುಟುಕು ಕುಡಿದು, ಚಹಾ ಛಲೋ ಐತಿ, ನಮ್ಮಲ್ಲೂ ಇದೇ ಎಂದಳು. ಅದಂತೂ ಸುಳ್ಳಿರಲಾರದು, ಮುಧೋಳದ ಅಂಗಡಿಗಳಲ್ಲೂ ಮೂರುಗುಡ್ಡವೇ ಮಾರುತ್ತಾರೆ.

ಆಮೇಲೆ ಉಡಿ ತುಂಬುವುದು. ನೀಲವ್ವ ಪರಾತದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ ಎಲೆ, ಮೇಲೆ ಸೀರೆ ಇಟ್ಟು ತಂದಳು. ಚೀಟಿ ಮೇಲೆ ಕಾಣುವಂತೆ ಮಡಿಕೆ ತಿರುಗಿಸಿದ್ದಳು. ಬಾಗಿಲಿನಲ್ಲಿ ನಿಂತಿದ್ದ ಬಸಪ್ಪನ ಕಣ್ಣು ಸೀರೆಯ ಮೇಲೆ ಬಿತ್ತು. ತನ್ನ ಕೈಯ ನೇಯ್ಗೆ ಅವನಿಗೆ ಕತ್ತಲಲ್ಲೂ ಸಿಗುತ್ತದೆ. ಆಮೇಲೆ ಕಳಸದ ಮೇಲೆ ಬಿತ್ತು. ಆಮೇಲೆ ನನ್ನ ಮೇಲೆ. ನಾನು ರಾಜವಾಡದ ಡಬ್ಬಿಯ ಮೇಲೆ ಬರೆದಿದ್ದನ್ನು ಓದತೊಡಗಿದೆ.

ಬೀಗತಿ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಡಿಯನ್ನು ಹೆಬ್ಬೆರಳಿನಿಂದ ಸವರಿದಳು. ಒಡಲನ್ನು ಎರಡು ಬೆರಳ ನಡುವೆ ಹಿಚುಕಿದಳು. ಒಳಗಿನ ಕೋಣೆಯ ಬಾಗಿಲಿನ ಸಂದಿಯಲ್ಲಿ ಬಳೆಗಳು ಒಂದಕ್ಕೊಂದು ತಾಗದಂತೆ ಹಿಡಿದ ಸಾವಿತ್ರಿಯ ಕೈ ಕಾಣುತ್ತಿತ್ತು.

"ಬಟ್ಟಿ ಅಂದ್ರ ಇದು ನೋಡ್ರಿ" ಎಂದಳು ಬೀಗತಿ ತನ್ನ ತಮ್ಮನಿಗೆ. "ಇದರ ನೇಗಿನ ಬ್ಯಾರೆ."

ಹೇಳುತ್ತ ಆಕೆ ಹೆಬ್ಬೆರಳನ್ನು ಕಳಸದ ಮೇಲೆ ಒತ್ತಿದಳು. ಚೀಟಿ ಜಾರಿತು. ಮೆಲ್ಲಗೆ, ಒಂದು ಬೆರಳಿನಗಲ, ಬಂಗಾರದ ಅಂಚಿನ ಕಳಸ ಓರೆಯಿಂದ ನೆಟ್ಟಗಾಗಿ ಮತ್ತೆ ಆ ಕಡೆಗೆ ಓರೆಯಾಯಿತು. ಅದರ ಹಿಂದಿನ ಜಾಗದಲ್ಲಿ ಖಳಿಯ ತೇವದ ಗುರುತು ಉಳಿಯಿತು. ನನಗೆ ಪ್ರಾರ್ಥನೆಯ ಸಾಲು, ಬೂಟು, ಬಿದ್ದ ಬಿಳಿಯ ಹೆಂಗಸು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನೀಲವ್ವ ಪರಾತದ ಮೇಲೆ ಎರಡೂ ಕೈ ಇಟ್ಟು ನಿಂತಳು. ಹೊರಗಿನ ಮಗ್ಗಗಳೂ ಅದೇ ಹೊತ್ತಿಗೆ ನಿಂತವು, ಕರೆಂಟು ಹೋಗಿತ್ತು. ಅಂಥ ಹೊತ್ತಿನಲ್ಲಿ ಕರೆಂಟು ಹೋದರೆ ಬನಹಟ್ಟಿ ಎಷ್ಟು ನಿಶ್ಶಬ್ದವಾಗುತ್ತದೆಂದು ಇಲ್ಲಿಯವರಿಗೇ ಗೊತ್ತು.

ಬೀಗತಿ ಹೆಬ್ಬೆರಳನ್ನು ನೋಡಿದಳು. ಮೂಗಿನ ಹತ್ತಿರ ಒಯ್ದಳು. ಹಿಟ್ಟಿನ ವಾಸನೆ ಯಾವ ಹೆಂಗಸಿಗೆ ತಿಳಿಯುವುದಿಲ್ಲ. ಬೆರಳನ್ನು ಸೆರಗಿಗೆ ನಿಧಾನವಾಗಿ ಒರೆಸಿಕೊಂಡಳು. ಆಮೇಲೆ ಚೀಟಿಯ ಮೇಲೆ ಅಂಗೈಯನ್ನು ಪೂರ್ತಿ ಇಟ್ಟು, ರೊಟ್ಟಿಯ ಅಂಚು ಸರಿಮಾಡುವ ಹಾಗೆ ಒತ್ತಿ, ಕಳಸವನ್ನು ಅದರ ಜಾಗಕ್ಕೆ ಕೂಡಿಸಿದಳು. ಯಾರ ಮುಖವನ್ನೂ ನೋಡಲಿಲ್ಲ.

"ಇನ್ನ ಅರ್ಧ ಕಪ್ ಚಾ ಇದ್ರ ಕೊಡ್ರಿ" ಎಂದಳು ನನಗೆ. ಕೊಟ್ಟೆ, ಆಕೆ ತಳದವರೆಗೆ ಕುಡಿದಳು. ಬಸಿಯನ್ನು ಕೆಳಗಿಟ್ಟು, "ಸಕ್ಕರಿ ಹಂಚ್ರಿ" ಎಂದಳು.

ಸಕ್ಕರೆ ಹಂಚಿದರೆ ಮಾತು ಮುಗಿಯಿತು, ಸಂಬಂಧ ಗಟ್ಟಿ. ನೀಲವ್ವನಿಗೆ ಸಕ್ಕರೆಯ ಡಬ್ಬಿ ಎಲ್ಲಿದೆಯೆಂದು ನೆನಪಾಗದೆ ಮನೆಯೆಲ್ಲ ಹುಡುಕಿ, ಕೊನೆಗೆ ಸಾವಿತ್ರಿಯೇ ಹೊರಗೆ ಬಂದು ಅವ್ವನ ಕೈಯಲ್ಲಿಟ್ಟಳು. ಹುಡುಗ ಕುರ್ಚಿಯ ಕಾಲು ಬಿಟ್ಟು ತಲೆಯೆತ್ತಿದ. ಬಸಪ್ಪ ಮೊದಲ ಚಿಟಿಕೆಯನ್ನು ಬಾಯಿಗೆ ಹಾಕಿಕೊಂಡು ನನ್ನ ಹತ್ತಿರ ಬಂದು, ಬೇರೆ ಕಡೆ ನೋಡುತ್ತ ಮೆಲ್ಲಗೆ, "ಸೀರಿ ಅದಽ ಅಲ್ರಿ ಅಕ್ಕಾರ" ಎಂದ.

"ಅದಽ ಬಸಪ್ಪ" ಎಂದೆ.

ಅವನು ತಲೆಯಾಡಿಸಿ, ಅಂಗೈಯಲ್ಲಿ ಉಳಿದ ಸಕ್ಕರೆಯನ್ನು ಒಂದೊಂದೇ ಹರಳು ಮಾಡಿ ತಿಂದ.

ಸಂಜೆ ದೀಪ ಹಚ್ಚಿ, ಅರೆಒಣಗಿದ ಅಂಗಿಗಳನ್ನು ಹಿತ್ತಲಿನಿಂದ ತೆಗೆಯುತ್ತಿದ್ದೆ. ಮಗ್ಗಗಳು ಮತ್ತೆ ಶುರುವಾಗಿದ್ದವು. ಗೋಡೆಯ ಆ ಕಡೆ ನೀಲವ್ವ ಮುಧೋಳದವರನ್ನು ಬಸ್ಸು ಹತ್ತಿಸಿ ಬಂದು, ಕಪ್ಪುಬಸಿಗಳನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಏನೇನೋ ಮಾತಾಡಿದಳು, ಬಸ್ಸು ತುಂಬಿತ್ತೆಂದು, ಹುಡುಗ ಹೊಸಿಲು ದಾಟುವಾಗ ತಿರುಗಿ ನೋಡಿದನೆಂದು. ಆಮೇಲೆ ತೊಳೆದ ಬಸಿಯನ್ನು ಬೋರಲು ಹಾಕುತ್ತ, ತಲೆಯೆತ್ತದೆ ಹೇಳಿದಳು:

"ಅಂದಂಗ ಅಕ್ಕಾರ, ಆ ಕಳಸದ ಚೀಟಿ ಇನ್ನೊಂದ ನಾಕ ಇದ್ರ ತಗದ ಇಡ್ರಿ. ಬೀಗತಿ ಬಸ್ ಹತ್ತೂವಾಗ ಕಿವ್ಯಾಗ ಕೇಳಿದ್ಳು, ಆಕಿ ಮಗಳ ಅತ್ತಿ ಸೀಗಿ ಹುಣ್ಣಿಮಿಗೆ ಬರಾಕಿ, ಆಕಿಗೂ ಸೀರಿ ಕೊಡಬೇಕು ಅಂತ. ಖಳಿ ಮಾತ್ರ ಹಿಂದಿನ ದಿನಾನ ಹಚ್ಚಿ ಒಣಗಸ್ರಿ ಅಂದ್ಳು."